ಪುಣೆ–ಬೆಳಗಾವಿ–ಗೋವಾ ಸೈಕಲ್ ಪ್ರವಾಸ: ಕಿಲೋಮೀಟರ್ ಮಾತ್ರ ಬರೆದಿರುವ ಯೋಜನೆಗೆ ದುಡ್ಡು ಕೊಡಬೇಡಿ

ಪುಣೆ, ಪಿಂಪ್ರಿ-ಚಿಂಚವಡ ಕಡೆಯ ಕನ್ನಡದ ಸವಾರರಲ್ಲಿ ಚಳಿಗಾಲ ಬಂತೆಂದರೆ ಒಂದೇ ಮಾತು: ಸಾತಾರಾ, ಕೊಲ್ಹಾಪುರ, ಬೆಳಗಾವಿ, ಅಲ್ಲಿಂದ ಚೋರ್ಲಾ ಘಾಟ್ ಇಳಿದು ಗೋವಾ, ಆಮೇಲೆ ಕಾರವಾರ, ಗೋಕರ್ಣ. ಮೂರು ರಾಜ್ಯ, ಒಂದು ವಾರ. ದಾರಿಯಲ್ಲಿ ಯಾವ ದೋಷವೂ ಇಲ್ಲ, ಖಂಡಿತ ಹೋಗಿ. ಆದರೆ ಇದೇ ದಾರಿಯಲ್ಲಿ ಆಯೋಜಕನೊಬ್ಬ ಕರೆದೊಯ್ದ ತಂಡ ನಾಲ್ಕನೇ ದಿನಕ್ಕೇ ಚದುರಿಹೋಯಿತು. ಒಬ್ಬರ ಕೊರಳೆಲುಬು ಮುರಿಯಿತು, ಎರಡು ಸೈಕಲ್ ಟೆಂಪೋದಲ್ಲಿ ಮಲಗಿಕೊಂಡು ಪುಣೆಗೆ ಬಂದವು, ಪೂರ್ತಿ ಕಟ್ಟಿದ್ದ ಹಣದಲ್ಲಿ ಒಂದು ಪೈಸೆಯೂ ವಾಪಸ್ ಬರಲಿಲ್ಲ. ರಿಪೇರಿಗೆ ಬಂದ ಸೈಕಲ್‌ಗಳನ್ನೂ ಆ ಯೋಜನೆಯ ಹಾಳೆಯನ್ನೂ ಒಟ್ಟಿಗೆ ಇಟ್ಟು ನೋಡಿದರೆ, ಎಲ್ಲ ಅನಾಹುತದ ಬೇರು ಆ ಹಾಳೆಯಲ್ಲೇ ಇತ್ತು. ಅದಕ್ಕೇ ಇಷ್ಟು ವಿವರವಾಗಿ ಬರೆಯುತ್ತಿದ್ದೇವೆ.

ಹಾಳೆಯಲ್ಲಿ ಇದ್ದದ್ದು ಇಷ್ಟು: ಮೊದಲ ದಿನ ಪುಣೆ–ಸಾತಾರಾ 110 ಕಿ.ಮೀ., ಎರಡನೇ ದಿನ ಸಾತಾರಾ–ಕೊಲ್ಹಾಪುರ 120, ಮೂರನೇ ದಿನ ಕೊಲ್ಹಾಪುರ–ಬೆಳಗಾವಿ 110, ನಾಲ್ಕನೇ ದಿನ ಬೆಳಗಾವಿ–ಪಣಜಿ 110, ಐದನೇ ದಿನ ಕಾರವಾರ, ಆರನೇ ದಿನ ಗೋಕರ್ಣ, ಏಳನೇ ದಿನ ರೈಲು. ವಿಶ್ರಾಂತಿಯ ದಿನ ಇಲ್ಲ. ಏರಿನ ಲೆಕ್ಕ ಇಲ್ಲ. ಕತ್ತಲಾಗುವ ಹೊತ್ತಿನ ಲೆಕ್ಕ ಇಲ್ಲ. ಹೊಸಬರಿಗೆ ದೇಹ ಒಗ್ಗಬೇಕಾದ ಮೊದಲ ಮೂರು ದಿನವೂ ಉದ್ದದ ದಿನಗಳೇ.

ಲೆಕ್ಕ ಹಾಕುವ ರೀತಿ ಬೇರೆ. ಹತ್ತು ಹನ್ನೆರಡು ಕೆ.ಜಿ. ಸಾಮಾನು ಹೊತ್ತ ಸೈಕಲ್ ಸಮತಟ್ಟಿನಲ್ಲಿ ಗಂಟೆಗೆ 16 ಕಿ.ಮೀ. ಹೋದರೆ ಒಳ್ಳೆಯ ವೇಗವೇ. 110 ಕಿ.ಮೀ.ಗೆ ಸುಮಾರು ಏಳು ಗಂಟೆ. ಏರಿನಲ್ಲಿ ಪ್ರತಿ 100 ಮೀಟರ್ ಎತ್ತರಕ್ಕೆ ಹತ್ತು ನಿಮಿಷ ಸೇರಿಸಿ. ದಿನಕ್ಕೆ 1000 ಮೀಟರ್ ಏರಿದ್ದರೆ ಒಂದು ಗಂಟೆ ನಲವತ್ತು ನಿಮಿಷ. ಊಟ, ಚಹಾ, ನೀರಿಗೆ ಎರಡು ಗಂಟೆ. ಒಂದು ಪಂಕ್ಚರ್‌ಗೆ ಅರ್ಧ ಗಂಟೆ. ಹನ್ನೊಂದು ಗಂಟೆ ದಾಟಿತು. ಡಿಸೆಂಬರ್‌ನಲ್ಲಿ ಈ ಭಾಗದಲ್ಲಿ ಬೆಳಕು ಹೆಚ್ಚೂಕಡಿಮೆ ಅಷ್ಟೇ ಹೊತ್ತು: ಏಳರ ಸುಮಾರಿಗೆ ಹುಟ್ಟಿದ ಸೂರ್ಯ ಆರು ದಾಟುತ್ತಲೇ ಮುಳುಗುತ್ತಾನೆ. ಅಂದರೆ ಒಂದೇ ಒಂದು ತೊಂದರೆ ಹೆಚ್ಚಾದರೂ ಕತ್ತಲಲ್ಲಿ ಹೆದ್ದಾರಿಯ ಮೇಲೆ ಇರುತ್ತೀರಿ. ಆಯೋಜಕ ಕೊಟ್ಟ ಹಾಳೆಯಲ್ಲಿ ದಿನದ ಏರು ಎಷ್ಟು ಮೀಟರ್ ಎಂದು ಬರೆದಿಲ್ಲದಿದ್ದರೆ ಅವನಿಗೆ ದಾರಿ ಗೊತ್ತಿಲ್ಲ ಎಂದೇ ತಿಳಿಯಿರಿ.

ಈ ಕತ್ತಲೆ ಸಾಮಾನ್ಯ ಕತ್ತಲೆಯೂ ಅಲ್ಲ. ನವೆಂಬರ್‌ನಿಂದ ಸಾತಾರಾ, ಕರಾಡ, ಕೊಲ್ಹಾಪುರ, ನಿಪ್ಪಾಣಿ ಉದ್ದಕ್ಕೂ ಕಬ್ಬಿನ ಸೀಸನ್. ಟ್ರ್ಯಾಕ್ಟರ್‌ಗೆ ಎರಡೆರಡು ಟ್ರಾಲಿ, ಹಿಂದೆ ದೀಪ ಇರುವುದು ಅಪರೂಪ, ಕಬ್ಬು ಎರಡೂ ಬದಿಗೆ ಚಾಚಿಕೊಂಡಿರುತ್ತದೆ. ಕೆಳಗೆ ಬಿದ್ದ ಕಬ್ಬಿನ ಗರಿಯ ಮೇಲೆ ಟೈರ್ ಜಾರುತ್ತದೆ. ಆರು ಪಥದ ಕಾಮಗಾರಿ ನಡೆದಿರುವ ಕಡೆ ಸರ್ವಿಸ್ ರಸ್ತೆಯಲ್ಲಿ ಎದುರಿನಿಂದ ಬರುವ ಬೈಕ್‌ಗಳು ಬೇರೆ. ಸಂಜೆ ಐದಕ್ಕೆ ಸವಾರಿ ಮುಗಿಯುವಂತೆ ದಿನವನ್ನು ಹೊಂದಿಸಿ.

ಆ ತಂಡ ಎರಡನೇ ದಿನ ಕೊಲ್ಹಾಪುರ ತಲುಪಿದ್ದು ರಾತ್ರಿ. ಬೆಳಿಗ್ಗೆ ಅರ್ಧ ಜನರಿಗೆ ಮೊಣಕಾಲು ಬಗ್ಗಿಸಲು ಆಗುತ್ತಿರಲಿಲ್ಲ. ವೇಳಾಪಟ್ಟಿ ತಪ್ಪಬಾರದೆಂದು ಆಯೋಜಕ ಅವರ ಸೈಕಲ್‌ಗಳನ್ನು ಟೆಂಪೋಗೆ ಹೇರಿ ಬೆಳಗಾವಿಗೆ ಸಾಗಿಸಿದ. ಒಂದರ ಮೇಲೊಂದು, ಬಲಮಗ್ಗುಲಾಗಿ. ಮರುದಿನದ ಅವಘಡಕ್ಕೆ ತಯಾರಿ ಅಲ್ಲೇ ಆಯಿತು.

ಸೈಕಲ್‌ನ ಬಲಗಡೆ ಹಿಂದೆ, ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಡಿರೇಲರ್ ನೇತಾಡುವುದು ಹ್ಯಾಂಗರ್ ಎಂಬ ಸಣ್ಣ ಅಲ್ಯೂಮಿನಿಯಂ ತುಂಡಿನ ಮೇಲೆ. ಫ್ರೇಮ್ ಉಳಿಯಲಿ ಎಂದು ಅದನ್ನು ಬೇಕೆಂದೇ ಮೆತ್ತಗೆ ಮಾಡಿರುತ್ತಾರೆ. ಬಲಮಗ್ಗುಲಾಗಿ ಮಲಗಿಸಿದರೆ ಭಾರವೆಲ್ಲ ಅದರ ಮೇಲೆ ಬಿದ್ದು ಒಳಮುಖವಾಗಿ ಬಾಗುತ್ತದೆ. ಸಮತಟ್ಟಿನಲ್ಲಿ ಮಧ್ಯದ ಗೇರ್‌ಗಳಲ್ಲಿ ಹೋಗುವವರೆಗೆ ಏನೂ ಗೊತ್ತಾಗುವುದಿಲ್ಲ, ಸ್ವಲ್ಪ ಟಕಟಕ ಸದ್ದು ಅಷ್ಟೇ. ಚೋರ್ಲಾ ದಾರಿಯಲ್ಲಿ ಜಾಂಬೋಟಿ ದಾಟಿ ಕಣಕುಂಬಿ ಕಡೆ ಏರು ಬಂದಾಗ ಸವಾರ ಅತಿ ದೊಡ್ಡ ಹಲ್ಲುಚಕ್ರಕ್ಕೆ ಗೇರ್ ಇಳಿಸುತ್ತಾನೆ. ಬಾಗಿದ ಡಿರೇಲರ್ ತಿರುಗುವ ಸ್ಪೋಕ್‌ಗಳ ಒಳಗೆ ಹೋಗುತ್ತದೆ. ಒಂದೇ ಕ್ಷಣ: ಹ್ಯಾಂಗರ್ ತುಂಡು, ಡಿರೇಲರ್ ನುಜ್ಜುಗುಜ್ಜು, ನಾಲ್ಕಾರು ಸ್ಪೋಕ್ ಕಡಿತ, ಚಕ್ರ ಲಾಕ್. ಎರಡು ಸೈಕಲ್‌ಗೆ ಆದದ್ದು ಇದೇ.

ತಪ್ಪಿಸುವುದು ಕಷ್ಟವಲ್ಲ. ಟೆಂಪೋ, ಬಸ್ಸಿನ ಡಿಕ್ಕಿ, ರೈಲು, ಯಾವುದರಲ್ಲೇ ಆಗಲಿ ಸೈಕಲ್ ಹಾಕುವ ಮೊದಲು 5 ಮಿ.ಮೀ. ಅಲೆನ್ ಕೀಲಿಯಿಂದ ಡಿರೇಲರ್ ಬಿಚ್ಚಿ, ಬಟ್ಟೆ ಸುತ್ತಿ, ಫ್ರೇಮ್‌ನ ಹಿಂಭಾಗದ ಒಳಗೆ ಕಟ್ಟಿಬಿಡಿ. ಎರಡು ನಿಮಿಷದ ಕೆಲಸ. ಮಲಗಿಸುವುದೇ ಆದರೆ ಎಡಮಗ್ಗುಲಾಗಿ. ಇಳಿಸಿಕೊಂಡ ಮೇಲೆ ಹಿಂದೆ ಕುಕ್ಕರುಗಾಲಲ್ಲಿ ಕುಳಿತು ನೋಡಿ: ಡಿರೇಲರ್‌ನ ಎರಡು ಪುಟ್ಟ ಚಕ್ರಗಳು ಮತ್ತು ಅವುಗಳ ಮೇಲಿನ ಹಲ್ಲುಚಕ್ರ ಒಂದೇ ನೇರ ಗೆರೆಯಲ್ಲಿರಬೇಕು. ಕೆಳಗಿನ ಪುಟ್ಟ ಚಕ್ರ ಸ್ಪೋಕ್ ಕಡೆ ವಾಲಿದ್ದರೆ ಹ್ಯಾಂಗರ್ ಬಾಗಿದೆ. ಹಿಂದಿನ ಚಕ್ರ ಎತ್ತಿ ಹಿಡಿದು ನಿಧಾನ ತಿರುಗಿಸುತ್ತ ಒಂದನೇ ಗೇರ್‌ಗೆ ತಂದು, ಸ್ಪೋಕ್‌ಗೆ ತಾಗುತ್ತದೆಯೇ ನೋಡಿ. ತಾಗಿದರೆ ‘ಎಲ್’ ಎಂದು ಗುರುತಿರುವ ಸ್ಕ್ರೂ ಬಿಗಿಮಾಡಿ ಆ ಗೇರನ್ನೇ ಮುಚ್ಚಿಬಿಡಿ. ಏರಿನಲ್ಲಿ ಇಳಿದು ತಳ್ಳಿದರೆ ಯಾವ ನಷ್ಟವೂ ಇಲ್ಲ.

ನಿಮ್ಮ ಫ್ರೇಮ್‌ಗೆ ಹೊಂದುವ ಹ್ಯಾಂಗರ್ ಒಂದನ್ನು ಹೆಚ್ಚುವರಿಯಾಗಿ ಒಯ್ಯಿರಿ. ಪ್ರತಿ ಫ್ರೇಮ್‌ಗೂ ಆಕಾರ ಬೇರೆ, ಬೆಳಗಾವಿಯಲ್ಲೋ ಪಣಜಿಯಲ್ಲೋ ಹುಡುಕಿದರೆ ಸಿಗುತ್ತದೆಂಬ ಭರವಸೆ ಬೇಡ. ಜೊತೆಗೆ ಚೈನ್ ಟೂಲ್, ನಿಮ್ಮ ಚೈನ್‌ನ ಸ್ಪೀಡ್‌ಗೆ (ಹಿಂದಿನ ಹಲ್ಲುಚಕ್ರಗಳ ಸಂಖ್ಯೆಗೆ) ಸರಿಯಾದ, ಚೈನ್ ಮತ್ತೆ ಜೋಡಿಸುವ ಎರಡು ಕ್ವಿಕ್ ಲಿಂಕ್. ಡಿರೇಲರ್ ಹೋದರೂ ಚಕ್ರ ನೇರವಿದ್ದರೆ ಚೈನ್ ಕತ್ತರಿಸಿ, ಮಧ್ಯದ ಒಂದೇ ಹಲ್ಲುಚಕ್ರದ ಮೇಲೆ ನೇರವಾಗಿ ಕೂಡಿಸಿ, ಒಂದೇ ಗೇರಿನಲ್ಲಿ ಮುಂದಿನ ಊರು ಮುಟ್ಟಬಹುದು. ಆ ತಂಡದ ಉಪಕರಣದ ಪೆಟ್ಟಿಗೆ ಟೆಂಪೋದಲ್ಲಿತ್ತು. ಟೆಂಪೋ ಹೋಟೆಲ್ ಕೋಣೆ ಹಿಡಿಯಲು ಮೊದಲೇ ಪಣಜಿಗೆ ಹೋಗಿತ್ತು. ಕಣಕುಂಬಿ ದಾಟಿದ ಮೇಲೆ ಫೋನ್ ನೆಟ್‌ವರ್ಕ್ ನೆಚ್ಚುವಂಥದ್ದಲ್ಲ. ಬೆಂಬಲದ ವಾಹನ ಎಂದರೆ ಕೊನೆಯ ಸವಾರನ ಹಿಂದೆ ಇರುವ ವಾಹನ; ಮುಂದೆ ಹೋಗುವುದು ಬರೀ ಲಗೇಜ್ ಗಾಡಿ. ಹಣ ಕೊಡುವ ಮೊದಲು ಈ ಒಂದು ಪ್ರಶ್ನೆ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ.

ಕಾದು ಕಾದು ಉಳಿದವರು ಘಾಟ್ ಇಳಿಯಲು ಶುರುಮಾಡಿದ್ದು ಸಂಜೆಗತ್ತಲಲ್ಲಿ. ಹೆಚ್ಚಿನವರು ಭಯಪಡುವುದು ಏರಿಗೆ, ಆದರೆ ಎಲುಬು ಮುರಿಯುವುದು ಇಳಿಜಾರಿನಲ್ಲಿ. ಚೋರ್ಲಾ ಘಾಟ್ ಸುಮಾರು 800 ಮೀಟರ್ ಎತ್ತರದಿಂದ ಅಂಜುಣೆ ಅಣೆಕಟ್ಟಿನ ಪಕ್ಕ ಹಾದು ಕೇರಿ, ಸಾಖಳಿ ಕಡೆ ಇಳಿಯುತ್ತದೆ. ಸವಾರ, ಸೈಕಲ್, ಸಾಮಾನು ಸೇರಿ 100 ಕೆ.ಜಿ. ಎಂದುಕೊಂಡರೆ 700 ಮೀಟರ್ ಇಳಿಯುವಾಗ ಹೊರಬೀಳುವ ಶಕ್ತಿ ಸುಮಾರು 690 ಕಿಲೋಜೂಲ್, ಎರಡು ಲೀಟರ್ ತಣ್ಣೀರು ಕುದಿಸುವಷ್ಟು ಶಾಖ. ಬೆಳಕಿನಲ್ಲಿ ಸಲೀಸಾಗಿ ಇಳಿದರೆ ಅದರಲ್ಲಿ ದೊಡ್ಡ ಪಾಲು ಗಾಳಿಯ ತಡೆಗೆ ಹೋಗುತ್ತದೆ. ಕತ್ತಲಲ್ಲಿ ಹೆದರಿ ಬ್ರೇಕ್ ಹಿಡಿದೇ 15 ಕಿ.ಮೀ. ವೇಗದಲ್ಲಿ ಇಳಿದರೆ ಬಹುಪಾಲು ಶಾಖ ಬ್ರೇಕ್‌ಗೇ. ಚಕ್ರದ ಅಂಚನ್ನೇ (ರಿಮ್) ಹಿಡಿಯುವ ರಿಮ್ ಬ್ರೇಕ್ ಇದ್ದರೆ ಅದು ರಿಮ್‌ಗೆ, ರಿಮ್‌ನಿಂದ ಟ್ಯೂಬ್‌ಗೆ. ಸ್ಪೋಕ್ ರಂಧ್ರ ಮುಚ್ಚುವ ಒಳಗಿನ ಪ್ಲಾಸ್ಟಿಕ್ ಪಟ್ಟಿ, ಅಂದರೆ ರಿಮ್ ಟೇಪ್, ಮೆತ್ತಗಾಗಿ ಟ್ಯೂಬ್ ಸ್ಪೋಕ್ ರಂಧ್ರದೊಳಗೆ ಉಬ್ಬುತ್ತದೆ, ಹಳೆಯ ಪ್ಯಾಚ್‌ನ ಅಂಟು ಬಿಡುತ್ತದೆ. ಮುಂದಿನ ಟ್ಯೂಬ್ ತಿರುವಿನಲ್ಲಿ ಸಿಡಿದರೆ ಹ್ಯಾಂಡಲ್ ಕೈಯಲ್ಲಿ ಉಳಿಯುವುದಿಲ್ಲ. ಕೊರಳೆಲುಬು ಮುರಿದುಕೊಂಡವರ ಮುಂದಿನ ಚಕ್ರ ಬಿಚ್ಚಿದಾಗ ರಿಮ್ ಟೇಪ್ ಎರಡು ರಂಧ್ರಗಳ ಮೇಲೆ ಬಟ್ಟಲಿನಂತೆ ತಗ್ಗಾಗಿತ್ತು, ಟ್ಯೂಬ್ ಹರಿದದ್ದೂ ಅಲ್ಲೇ.

ಆದ್ದರಿಂದ ಘಾಟ್ ಇಳಿಯುವುದು ಮಧ್ಯಾಹ್ನ ಮೂರರೊಳಗೆ ಮುಗಿಯುವಂತೆ ಇರಲಿ. ರಿಮ್ ಟೇಪ್ ಬಟ್ಟೆಯದಾಗಿರಲಿ. ಮುಂದಿನ ಚಕ್ರದಲ್ಲಿ ಪ್ಯಾಚ್ ಹಾಕಿದ ಟ್ಯೂಬ್ ಬೇಡ, ಹೊಸದೇ ಇರಲಿ. ಬ್ರೇಕನ್ನು ಸತತವಾಗಿ ಸವರುತ್ತಾ ಇಳಿಯಬೇಡಿ: ತಿರುವಿಗೆ ಮುಂಚೆ ಎರಡೂ ಬ್ರೇಕ್ ಗಟ್ಟಿಯಾಗಿ ಹಿಡಿದು ವೇಗ ಇಳಿಸಿ, ತಿರುವಿನಲ್ಲಿ ಬಿಡಿ. ಮೂರು ನಾಲ್ಕು ಕಿ.ಮೀ.ಗೊಮ್ಮೆ ಐದು ನಿಮಿಷ ನಿಲ್ಲಿ. ಡಿಸ್ಕ್ ಬ್ರೇಕ್‌ನವರಿಗೆ ಟ್ಯೂಬಿನ ಚಿಂತೆ ಇಲ್ಲ, ಆದರೆ ಪ್ಯಾಡ್ ಕಾದು ಗಾಜಿನಂತೆ ನುಣುಪಾಗಿ ಹಿಡಿತ ಹೋಗುತ್ತದೆ. ಪ್ಯಾಡ್‌ನ ಉಜ್ಜುವ ಪದರ 1 ಮಿ.ಮೀ.ಗಿಂತ ತೆಳುವಾಗಿದ್ದರೆ ಹೊರಡುವ ಮೊದಲೇ ಬದಲಿಸಿ, ಒಂದು ಜೊತೆ ಚೀಲದಲ್ಲೂ ಇಡಿ. ನಿಂತಾಗ ರೋಟರ್ (ಬ್ರೇಕಿನ ಲೋಹದ ತಟ್ಟೆ) ಮುಟ್ಟಬೇಡಿ, ಚರ್ಮ ಅಂಟಿಕೊಳ್ಳುತ್ತದೆ.

ಉಳಿದವನ್ನು ಬೇಗ ಹೇಳುತ್ತೇವೆ. ಪೆಡಲ್ ಪಕ್ಕದ ಮುಂದಿನ ಚಿಕ್ಕ ಚೈನ್‌ರಿಂಗ್‌ಗೆ 34 ಹಲ್ಲಿದ್ದರೆ ಹಿಂದೆ ದೊಡ್ಡದಕ್ಕೂ ಕನಿಷ್ಠ 34 ಇರಲಿ. ಹಿಂದೆ 28 ಇಟ್ಟುಕೊಂಡು ಸಾಮಾನು ಹೊತ್ತು ಸಾತಾರಾಕ್ಕೆ ಮುಂಚಿನ ಖಂಬಾಟಕಿ ಘಾಟ್ ಏರಿದರೆ ಮೊಣಕಾಲಿಗೆ ಕೇಡು. ಹಿಂದಿನ ಚಕ್ರದಲ್ಲಿ ಸ್ಪೋಕ್ ಮುರಿಯುವುದು ಸಾಮಾನ್ಯವಾಗಿ ಬಲಗಡೆ, ಬಿಗಿತ ಅಲ್ಲೇ ಹೆಚ್ಚು. ಆ ಬದಿಯ ಅಳತೆಯ ಮೂರು ಸ್ಪೋಕ್ ಮತ್ತು ಕ್ಯಾಸೆಟ್ (ಹಿಂದಿನ ಹಲ್ಲುಚಕ್ರಗಳ ಗುಚ್ಛ) ಬಿಚ್ಚುವ ಟೂಲ್ ಇಲ್ಲದೆ ಅದನ್ನು ಬದಲಿಸಲಾಗದು. ಕ್ಯಾರಿಯರ್‌ನ ಎಂ5 ಬೋಲ್ಟ್‌ಗಳನ್ನು ದಿನಾ ಬೆಳಿಗ್ಗೆ 4 ಮಿ.ಮೀ. ಅಲೆನ್‌ನಿಂದ ಮುಟ್ಟಿ ನೋಡಿ. ಟ್ಯೂಬ್ ತೆಳ್ಳಗಿನ ಪ್ರೆಸ್ಟಾ ವಾಲ್ವ್‌ನದಾದರೆ ಹಳ್ಳಿಯ ಪಂಕ್ಚರ್ ಅಂಗಡಿಯ ಗಾಳಿ ಪೈಪ್ ಕೂರುವುದಿಲ್ಲ, ಹಿತ್ತಾಳೆಯ ಅಡಾಪ್ಟರ್ ಜೇಬಿನಲ್ಲಿರಲಿ. ಹೆದ್ದಾರಿಯಲ್ಲಿ ಪಂಕ್ಚರ್ ಮಾಡುವುದು ಹೆಚ್ಚಾಗಿ ಸಿಡಿದ ಲಾರಿ ಟೈರಿನ ಕೂದಲೆಳೆಯಂಥ ತಂತಿ. ಕಣ್ಣಿಗೆ ಕಾಣದು, ಟೈರ್ ಒಳಗೆ ಬೆರಳಾಡಿಸಿ ಹುಡುಕಿ, ಚಿಮಟದಿಂದ ಕೀಳದಿದ್ದರೆ ಹೊಸ ಟ್ಯೂಬೂ ಹತ್ತು ನಿಮಿಷದಲ್ಲಿ ಹೋಗುತ್ತದೆ. ಗೋವಾದ ಸೆಕೆಯಲ್ಲಿ ಬರೀ ನೀರು ಕುಡಿಯುತ್ತಾ ಹೋದರೆ ರಕ್ತದಲ್ಲಿ ಉಪ್ಪು ತೆಳುವಾಗಿ ತಲೆನೋವು, ವಾಂತಿ ಶುರುವಾಗುತ್ತದೆ. ದೊಡ್ಡ ಓಆರ್‌ಎಸ್ ಪೊಟ್ಟಣ ಒಂದು ಲೀಟರ್‌ಗೆ, ಅರ್ಧ ಬಾಟಲಿಗೆ ಪೂರ್ತಿ ಸುರಿಯಬೇಡಿ.

ಮುಂಬೈ ಕಡೆಯಿಂದ ಸೇರಿಕೊಳ್ಳುವವರು ನೆನಪಿಡಿ: ಪುಣೆ ಎಕ್ಸ್‌ಪ್ರೆಸ್‌ವೇಯಲ್ಲಿ ಸೈಕಲ್‌ಗೆ ಪ್ರವೇಶವಿಲ್ಲ, ಖೋಪೋಲಿಯಿಂದ ಶಿಂಗ್ರೋಬಾ ದೇವಸ್ಥಾನದ ಹಳೆಯ ಘಾಟ್ ಹಿಡಿಯಬೇಕು. ಅಟಲ್ ಸೇತು ಮುಂಬೈಯಲ್ಲೊಂದು, ಪಣಜಿಯಲ್ಲೊಂದು. ಎರಡೂ ದ್ವಿಚಕ್ರಕ್ಕೆ ಬಂದ್. ಮ್ಯಾಪ್‌ನಲ್ಲಿ ಕಾರಿನ ದಾರಿ ಹಾಕಿದರೆ ಅದು ಇದನ್ನು ಹೇಳುವುದಿಲ್ಲ. ಡಿಚೋಲಿ ಕಡೆಯಿಂದ ಬಂದರೆ ನಾರ್ವೆಯಲ್ಲಿ ಫೆರಿ ಹತ್ತಿ ದಿವಾಡಿ ದ್ವೀಪ, ಅಲ್ಲಿಂದ ಇನ್ನೊಂದು ಫೆರಿಯಲ್ಲಿ ಹಳೆ ಗೋವಾ. ಸೈಕಲ್‌ಗೆ ಇದಕ್ಕಿಂತ ಚೆಂದದ ದಾರಿ ಇಲ್ಲ. ಕಾಣಕೋಣಕ್ಕೆ ಮುಂಚಿನ ಕರ್ಮಲ್ ಘಾಟ್ ಇಕ್ಕಟ್ಟು, ಬೆಳಿಗ್ಗೆಯೇ ದಾಟಿ. ಕಾರವಾರದ ಕಾಳಿ ನದಿಯ ಹಳೆ ಸೇತುವೆ 2024ರ ಆಗಸ್ಟ್ 7ರಂದು ಕುಸಿಯಿತು, ಹೊಸ ಸೇತುವೆಯ ಮೇಲೆ ಲಾರಿಗಳ ನಡುವೆ ಹುಷಾರು. ನವೆಂಬರ್ 1ರ ಆಸುಪಾಸು ಬೆಳಗಾವಿ ಗಡಿಯಲ್ಲಿ ಎರಡೂ ರಾಜ್ಯಗಳ ಬಸ್ಸು ನಿಂತುಹೋಗುವುದುಂಟು. ಸೋತರೆ ಬಸ್ ಹಿಡಿಯುತ್ತೇವೆ ಎಂಬ ಲೆಕ್ಕ ಆ ದಿನಗಳಲ್ಲಿ ಬೇಡ.

ವಾಪಸಾಗುವ ರೈಲಿನ ವಿಷಯದಲ್ಲೂ ಆ ಆಯೋಜಕ ಕೈಕೊಟ್ಟ. ಅಳಿದುಳಿದ ಸೈಕಲ್‌ಗಳನ್ನು ಪಾರ್ಸೆಲ್ ಎಂದು ಬುಕ್ ಮಾಡಿಸಿದ, ಸವಾರರು ಪನ್ವೇಲ್‌ನಲ್ಲಿ ಇಳಿದಾಗ ಸೈಕಲ್ ಇನ್ನೂ ಕಾರವಾರದಲ್ಲಿತ್ತು. ಪ್ರಯಾಣದ ಟಿಕೆಟ್ ತೋರಿಸಿ ಲಗೇಜ್ ಎಂದು ಬುಕ್ ಮಾಡಿದರೆ ಅದೇ ರೈಲಿನ ಸಾಮಾನು ಬೋಗಿಗೆ, ಅಂದರೆ ಬ್ರೇಕ್ ವ್ಯಾನ್‌ಗೆ ಹೋಗಬೇಕು. ಪಾರ್ಸೆಲ್ ಎಂದರೆ ಜಾಗ ಸಿಕ್ಕ ರೈಲಿಗೆ. ವಂದೇ ಭಾರತ್‌ನಲ್ಲಿ ಬ್ರೇಕ್ ವ್ಯಾನ್ ಇಲ್ಲ. ಎರಡು ಮೂರು ನಿಮಿಷ ನಿಲ್ಲುವ ನಿಲ್ದಾಣದಲ್ಲಿ ಸೈಕಲ್ ಹತ್ತಿಸುವುದು ಇಳಿಸುವುದು ಎರಡೂ ಅದೃಷ್ಟದ ಮಾತು, ಸಾಧ್ಯವಾದರೆ ಮಡಗಾಂವ್‌ನಿಂದ ಹತ್ತಿಸಿ. ಎರಡು ಗಂಟೆ ಮೊದಲೇ ಪಾರ್ಸೆಲ್ ಆಫೀಸಿಗೆ ಹೋಗಿ, ಪೆಡಲ್ ಬಿಚ್ಚಿ, ಲೈಟು ಮೀಟರು ತೆಗೆದಿಟ್ಟು, ಫ್ರೇಮ್‌ಗೆ ರಟ್ಟು ಸುತ್ತಿ, ಹೆಸರು, ಫೋನ್, ಇಳಿಯುವ ನಿಲ್ದಾಣವನ್ನು ಮಾರ್ಕರ್‌ನಲ್ಲಿ ಎರಡು ಕಡೆ ಬರೆಯಿರಿ. ರಸೀದಿ ಆಯೋಜಕನ ಬಳಿ ಬಿಡಬೇಡಿ, ಅದಿಲ್ಲದೆ ಸೈಕಲ್ ಬಿಡಿಸಿಕೊಳ್ಳಲು ಆಗುವುದಿಲ್ಲ.