ತುಮಕೂರಿನಲ್ಲಿ ನಮ್ಮ ಎತ್ತಿನ ಚಿತ್ರ ಬರೆಸಿದ್ದು

ಕಾರ್ತಿಕ ಮಾಸದಲ್ಲಿ ಕೊಟ್ಟ ಕೆಲಸ. ಕೈಗೆ ಬಂದದ್ದು ಯುಗಾದಿ ಕಳೆದು ಹತ್ತು ದಿನಕ್ಕೆ. ಈಗ ನಮ್ಮ ನಡುಮನೆಯ ಗೋಡೆಯ ಮೇಲಿದೆ. ಮೂರು ಅಡಿ ಅಗಲ, ಎರಡು ಅಡಿ ಎತ್ತರ. ಚಿತ್ರದಲ್ಲಿ ನಮ್ಮ ಅಪ್ಪ ನಿಂತಿದ್ದಾರೆ, ಪಕ್ಕದಲ್ಲಿ ನಮ್ಮ ಬಲಗೋಲಿನ, ಅಂದರೆ ನೊಗದ ಬಲಗಡೆ ಕಟ್ಟುವ, ಎತ್ತು ಸಿದ್ದ. ನೋಡಲು ಬಂದವರೆಲ್ಲ ಎಲ್ಲಿ ಬರೆಸಿದ್ದು, ಎಷ್ಟಾಯ್ತು ಎಂದು ಕೇಳುತ್ತಾರೆ. ಒಬ್ಬೊಬ್ಬರಿಗೂ ಹೇಳುವ ಬದಲು ಇಲ್ಲೇ ಬರೆದುಬಿಡುತ್ತೇನೆ.

ನಮ್ಮದು ಗುಬ್ಬಿ ತಾಲ್ಲೂಕು. ತೆಂಗು, ರಾಗಿ, ಸ್ವಲ್ಪ ಅಡಿಕೆ. ಮನೆಯಲ್ಲಿ ಮೊದಲಿಂದಲೂ ಹಳ್ಳಿಕಾರ್ ತಳಿಯ ಎತ್ತುಗಳು. ಸಿದ್ದನನ್ನು ಅಪ್ಪ ಸಿದ್ದಗಂಗೆಯ ದನಗಳ ಪರಿಷೆಯಲ್ಲಿ ತಂದದ್ದು, ಇನ್ನೂ ಹಾಲುಹಲ್ಲಿನ ಕರು. ಅದಕ್ಕೇ ಆ ಹೆಸರು. ಈಗ ಅವನಿಗೆ ಹದಿನಾಲ್ಕು ವರ್ಷ, ಅಪ್ಪನಿಗೆ ಎಪ್ಪತ್ತಾರು. ಇಬ್ಬರೂ ನೆಟ್ಟಗೆ ನಿಲ್ಲುವಾಗಲೇ ಒಂದು ಒಳ್ಳೆಯ ಚಿತ್ರ ಇರಬೇಕು ಎಂದು ನನಗೆ ಬಹಳ ಆಸೆ ಇತ್ತು.

ಮೊದಲು ಆನ್‌ಲೈನ್‌ನಲ್ಲಿ ಒಂದು ಕಡೆ ಫೋಟೋ ಕಳಿಸಿದ್ದೆ. ಕೈಯಲ್ಲೇ ಬರೆದ ಎಣ್ಣೆ ಬಣ್ಣದ ಚಿತ್ರ ಎಂದು ಹಾಕಿದ್ದರು. ಬಂದದ್ದು ಕ್ಯಾನ್ವಾಸ್ ಮೇಲೆ ಮಾಡಿದ ಪ್ರಿಂಟ್. ಅದರ ಮೇಲೆ ಬಣ್ಣವಿಲ್ಲದ ಅಂಟಿನಂಥದ್ದನ್ನು ಬ್ರಶ್‌ನಲ್ಲಿ ಎಳೆದಿದ್ದರು, ಅಷ್ಟೇ. ಮಗಳು ಭೂತಗನ್ನಡಿ ಹಿಡಿದು ತೋರಿಸಿದಳು, ಒಳಗೆಲ್ಲ ಸಣ್ಣ ಸಣ್ಣ ಚುಕ್ಕೆ. ಕೊಂಬು ಒಂದು ದಿಕ್ಕಿಗೆ ಹೋದರೆ ಬ್ರಶ್ ಗೀರು ಇನ್ನೊಂದು ದಿಕ್ಕಿಗೆ. ಅದಕ್ಕಿಂತ ನೋವಾಗಿದ್ದು ಅಪ್ಪನ ಮುಖ ನೋಡಿ. ಕೇಳದೆಯೇ ಬೆಳ್ಳಗೆ ಮಾಡಿಬಿಟ್ಟಿದ್ದರು. ಅರವತ್ತು ವರ್ಷ ಬಿಸಿಲಲ್ಲಿ ದುಡಿದ ಮುಖ ಅದು. ಅದನ್ನು ಗೋಡೆಗೆ ಹಾಕಲು ಮನಸ್ಸಾಗಲಿಲ್ಲ.

ಆಮೇಲೆ ತುಮಕೂರಿನಲ್ಲಿ ಒಬ್ಬ ಡ್ರಾಯಿಂಗ್ ಮೇಷ್ಟ್ರ ವಿಷಯ ತಿಳಿಯಿತು. ಹೈಸ್ಕೂಲಿನಿಂದ ನಿವೃತ್ತರಾದವರು. ಎಸ್.ಎಸ್. ಪುರಂ ಕಡೆ ಮನೆಯ ಮಹಡಿಯ ಮೇಲೆ ಒಂದು ಕೋಣೆಯಲ್ಲಿ ಕೆಲಸ. ಹೆಸರು ಎಲ್ಲೂ ಹಾಕಬೇಡಿ, ಒಪ್ಪಿಕೊಂಡ ಕೆಲಸವೇ ವರ್ಷಕ್ಕೆ ಸಾಕಷ್ಟಿದೆ ಎಂದಿದ್ದಾರೆ. ಅದಕ್ಕೆ ಹೆಸರು ಬರೆಯುತ್ತಿಲ್ಲ. ಆದರೆ ಅವರು ಕೆಲಸ ಮಾಡಿದ ರೀತಿ ಬರೆಯುತ್ತೇನೆ. ನೀವು ಯಾರ ಹತ್ತಿರ ಬರೆಸಿದರೂ ಏನು ಕೇಳಬೇಕು, ಏನು ನೋಡಬೇಕು ಅಂತ ಗೊತ್ತಿರಲಿ.

ಮೊದಲ ದಿನ ನನ್ನ ಫೋನಿನ ಫೋಟೋ ನೋಡಿ ಅವರು ಬೇಡ ಎಂದರು. ಹತ್ತಿರದಿಂದ ತೆಗೆದ ಫೋಟೋ. "ಮೂತಿ ಇಷ್ಟು ದಪ್ಪ ಇದೆಯಾ ನಿಮ್ಮ ಎತ್ತಿಗೆ?" ಎಂದು ಕೇಳಿದರು. ನಿಜವಾಗಿಯೂ ಇಲ್ಲ. ಹಳ್ಳಿಕಾರ್ ಮುಖ ಉದ್ದ, ಕೆಳಗೆ ಬರುತ್ತಾ ಸಣ್ಣಗಾಗುತ್ತದೆ. ಹತ್ತಿರ ನಿಂತು ಫೋನಿನಲ್ಲಿ ತೆಗೆದರೆ ಮುಂದಿರುವ ಮೂಗು ದೊಡ್ಡದಾಗಿ, ಹಿಂದಿನ ಮೈ ಚಿಕ್ಕದಾಗಿ ಕಾಣುತ್ತದಂತೆ. ಹದಿನೈದು ಇಪ್ಪತ್ತು ಅಡಿ ದೂರ ನಿಂತು ಜೂಮ್ ಮಾಡಿ ತೆಗೆಯಬೇಕು. ಬೆಳಕು ಪಕ್ಕದಿಂದ ಬೀಳಬೇಕು, ಬೆಳಗ್ಗೆ ಎಂಟರ ಒಳಗೆ. ನಡುಮಧ್ಯಾಹ್ನದ ಬಿಸಿಲಲ್ಲಿ ತೆಗೆದರೆ ಕಣ್ಣಿನ ಗುಳಿಯೆಲ್ಲ ಕಪ್ಪು. ಇದನ್ನು ನೀವೂ ನೆನಪಿಟ್ಟುಕೊಳ್ಳಿ. ಫೋಟೋ ಸರಿ ಇಲ್ಲದಿದ್ದರೆ ಮುಂದಿನ ಕೆಲಸವೆಲ್ಲ ದಂಡ.

ಅವರು ಬರೀ ಫೋಟೋಗೇ ನಿಲ್ಲಲಿಲ್ಲ. ಒಂದು ಭಾನುವಾರ ಬಸ್ಸು ಹತ್ತಿ ನಮ್ಮೂರಿಗೇ ಬಂದರು. ಕೊಟ್ಟಿಗೆ ಮುಂದೆ ಕುಳಿತು ಎರಡು ಗಂಟೆ ಪೆನ್ಸಿಲ್‌ನಲ್ಲಿ ಬರೆದುಕೊಂಡರು. ಅಪ್ಪ ಪಕ್ಕದಲ್ಲಿ ನಿಂತು ಒಂದೊಂದೇ ಹೇಳಿದರು. ಕೊಂಬು ಬುಡದಲ್ಲಿ ಹತ್ತಿರ ಹತ್ತಿರ ಹುಟ್ಟಿ, ಹಿಂದಕ್ಕೆ ಬಾಗಿ, ತುದಿಯಲ್ಲಿ ಮತ್ತೆ ಮುಂದಕ್ಕೆ ತಿರುಗುತ್ತದೆ. ಹಣೆಯ ನಡುವೆ ಒಂದು ತಗ್ಗು. ಮೈ ಬೂದು, ಭುಜದಲ್ಲೂ ತೊಡೆಯಲ್ಲೂ ಕಪ್ಪು ಜಾಸ್ತಿ. ಕಣ್ಣಿನ ಸುತ್ತ, ಕೆನ್ನೆಯಲ್ಲಿ ಬಿಳುಪು. ಮೇಷ್ಟ್ರು ಎಲ್ಲವನ್ನೂ ಗುರುತು ಹಾಕಿಕೊಂಡರು. 2000ದಲ್ಲಿ ಅಂಚೆ ಇಲಾಖೆ ದೇಶಿ ದನಗಳ ಅಂಚೆಚೀಟಿ ತಂದಾಗ ಅದರಲ್ಲಿ ನಮ್ಮ ಹಳ್ಳಿಕಾರ್ ಕೂಡ ಇತ್ತು ಎಂದು ಅವರೇ ಹೇಳಿದರು. ಅಪ್ಪನಿಗೆ ಅದು ಗೊತ್ತಿರಲಿಲ್ಲ. ಅವತ್ತು ಊರಲ್ಲಿ ಎಲ್ಲರಿಗೂ ಹೇಳಿಕೊಂಡು ಬಂದರು.

ಇನ್ನು ಬಣ್ಣದ ಕೆಲಸ. ತುಮಕೂರಿಗೆ ಹೋದಾಗಲೆಲ್ಲ ನಾನು ಮಹಡಿ ಹತ್ತಿ ನೋಡಿ ಬರುತ್ತಿದ್ದೆ. ಅವರು ಬೇಸರ ಮಾಡಿಕೊಳ್ಳದೆ ಹೇಳಿಕೊಡುತ್ತಿದ್ದರು.

ಮೊದಲು ಕ್ಯಾನ್ವಾಸ್‌ಗೆ ಜೆಸ್ಸೊ ಎಂಬ ಬಿಳಿ ಲೇಪ ಎರಡು ಸಲ ಬಳಿದು, ಸ್ಯಾಂಡ್‌ಪೇಪರ್‌ನಲ್ಲಿ ನಯ ಮಾಡಿದರು. ಅದರ ಮೇಲೆ ಅಕ್ರಿಲಿಕ್ ಬಣ್ಣ. ಇದು ನೀರಲ್ಲಿ ಕಲಸುವ ಬಣ್ಣ. ನೀರು ಆರಿದರೆ ಮುಗಿಯಿತು, ಅರ್ಧ ಗಂಟೆಯಲ್ಲಿ ಇನ್ನೊಂದು ಪದರ ಹಾಕಬಹುದು. ಶುರುವಿನಲ್ಲಿ ಬರೀ ಕಂದು ಮತ್ತು ಬಿಳಿಯಲ್ಲಿ ಇಡೀ ಚಿತ್ರ ಬರೆದರು. ಬಣ್ಣವೇ ಇಲ್ಲ, ಬರೀ ನೆರಳು ಬೆಳಕು. ಆ ಹಂತದಲ್ಲೇ ಸಿದ್ದನ ಬೆನ್ನ ಮೇಲಿನ ಹಿಣಿಲು, ಕತ್ತಿನ ಕೆಳಗೆ ಜೋಲುವ ಗಂಗೆದೊಗಲಿನ ಮಡಿಕೆ, ಪಕ್ಕೆಯ ಉಬ್ಬು ಎಲ್ಲ ಎದ್ದು ಬಂದಿತ್ತು. ನೆರಳು ಬೆಳಕು ಇಲ್ಲಿ ತಪ್ಪಿದರೆ ಮೇಲೆ ಎಂಥ ಬಣ್ಣ ಹಾಕಿದರೂ ಎತ್ತು ನಿಲ್ಲುವುದಿಲ್ಲ ಎಂದರು. ಆಮೇಲೆ ತೆಳ್ಳಗೆ ಬೂದು, ಕಂದು, ಹಳದಿ ಮಣ್ಣಿನ ಬಣ್ಣದ ಪದರಗಳು. ಅಕ್ರಿಲಿಕ್ ಹಸಿಯಾಗಿದ್ದಾಗ ಕಾಣುವ ಬಣ್ಣ ಒಣಗಿದ ಮೇಲೆ ಸ್ವಲ್ಪ ಗಾಢವಾಗುತ್ತದೆ. ಅದಕ್ಕೆ ಒಂದು ತುಂಡು ಕ್ಯಾನ್ವಾಸ್ ಮೇಲೆ ಬಳಿದು, ಒಣಗಿಸಿ ನೋಡಿಯೇ ಮುಂದಕ್ಕೆ ಹೋಗುತ್ತಿದ್ದರು. ಇಷ್ಟು ಎರಡು ವಾರದಲ್ಲಿ ಆಯಿತು. ಬೇಗ ಮುಗಿಯುತ್ತೆ ಅಂದುಕೊಂಡೆ.

ಆಮೇಲೆ ಶುರುವಾಯಿತು ಎಣ್ಣೆ ಬಣ್ಣ. ಚಿತ್ರಕ್ಕೆ ಜೀವ ಬಂದದ್ದೂ ಇಲ್ಲೇ, ತಿಂಗಳುಗಟ್ಟಲೆ ಹೋದದ್ದೂ ಇಲ್ಲೇ.

ಇದರಲ್ಲಿ ಬಣ್ಣದ ಪುಡಿ ಅಗಸೆ ಎಣ್ಣೆಯಲ್ಲಿ ಅರೆದಿರುತ್ತದೆ. ಅಗಸೆ ಎಣ್ಣೆ ನೀರಿನ ಹಾಗೆ ಆವಿಯಾಗುವುದಿಲ್ಲ. ಗಾಳಿಯ ಆಮ್ಲಜನಕ ಹೀರಿಕೊಂಡು ನಿಧಾನವಾಗಿ ಗಟ್ಟಿಯಾಗುತ್ತದೆ. ಅದಕ್ಕೇ ದಿನಗಟ್ಟಲೆ ಕಾಯಬೇಕು. ಮೊದಲ ಪದರಕ್ಕೆ ಬಣ್ಣ ತೆಳ್ಳಗೆ ಮಾಡುವ ಟರ್ಪೆಂಟೈನ್ ಜಾಸ್ತಿ, ಎಣ್ಣೆ ಕಡಿಮೆ. ಮೇಲೆ ಹೋದ ಹಾಗೆ ಎಣ್ಣೆ ಜಾಸ್ತಿ. ಯಾಕೆ ಮೇಷ್ಟ್ರೇ ಎಂದು ಕೇಳಿದೆ. "ನಿಮ್ಮೂರ ಕೆರೆ ಬತ್ತಿದಾಗ ನೋಡಿಲ್ವಾ? ಮೇಲಿನ ಕೆಸರು ಮೊದಲು ಒಣಗುತ್ತೆ, ಕೆಳಗೆ ಇನ್ನೂ ಹಸಿ. ಆಗಲ್ವಾ ಬಿರುಕು ಬಿಡೋದು?" ಎಂದರು. ಕೆಳಗಿನ ಪದರದಲ್ಲಿ ಜಿಡ್ಡು ಹೆಚ್ಚಿದ್ದು ಮೇಲಿನದು ಬೇಗ ಒಣಗಿದರೆ ಚಿತ್ರವೂ ಹಾಗೇ ಬಿರಿಯುತ್ತದೆ.

ಸಿದ್ದನ ಭುಜದ ಕಪ್ಪನ್ನು ಅವರು ಮಾಡಿದ ಬಗೆ ನಾನು ಮರೆಯುವುದಿಲ್ಲ. ಕಪ್ಪು ಟ್ಯೂಬು ಮುಟ್ಟಲೇ ಇಲ್ಲ. ಅಲ್ಟ್ರಾಮರೀನ್ ನೀಲಿಗೆ ಬರ್ಂಟ್ ಸಿಯೆನ್ನಾ ಎಂಬ ಸುಟ್ಟ ಕೆಮ್ಮಣ್ಣಿನ ಬಣ್ಣ ಸೇರಿಸಿ, ಎಣ್ಣೆ ಹಾಕಿ ಚಹಾದಷ್ಟು ತೆಳ್ಳಗೆ ಮಾಡಿದರು. ಅದನ್ನು ಭುಜದ ಮೇಲೆ ಬಳಿದು, ಬಟ್ಟೆಯಲ್ಲಿ ಮೆಲ್ಲಗೆ ಒರೆಸಿದರು. ಕೆಳಗೆ ಬರೆದಿದ್ದ ಕೂದಲೆಲ್ಲ ಆ ಗಾಜಿನಂಥ ಬಣ್ಣದ ಒಳಗಿಂದ ಕಂಡಿತು. ನಾಲ್ಕೈದು ದಿನ ಬಿಟ್ಟು ಇನ್ನೊಂದು ಪದರ. ಮತ್ತೆ ಇನ್ನೊಂದು. ಮೂರು ಸಲ ಆದ ಮೇಲೆ ಬಂದ ಬೂದುಗಪ್ಪು ಇದೆಯಲ್ಲ, ಬೆಳಗ್ಗೆ ಮೈ ತೊಳೆದು ಬಿಸಿಲಿಗೆ ಕಟ್ಟಿದಾಗ ಸಿದ್ದನ ಭುಜ ಹೊಳೆಯುವುದು ಹಾಗೆಯೇ. ಬೇರೆ ಯಾವ ಚಿತ್ರದಲ್ಲೂ ನಾನು ಅದನ್ನು ಕಂಡಿರಲಿಲ್ಲ. ಕಪ್ಪು ಟ್ಯೂಬು ಬಳಿದಿದ್ದರೆ ಮಸಿ ಮೆತ್ತಿದ ಹಾಗೆ ಕಾಣುತ್ತಿತ್ತು.

ಕೂದಲು ಬರೆಯಲು ಉದ್ದ ಎಳೆಯ ಸಣ್ಣ ಬ್ರಶ್. ಕೂದಲು ಮೈಯ ಯಾವ ಭಾಗದಲ್ಲಿ ಯಾವ ಕಡೆ ಮಲಗಿದೆಯೋ ಬ್ರಶ್ ಅದೇ ಕಡೆ ಹೋಗಬೇಕು. ಎಲ್ಲ ಕೂದಲನ್ನೂ ಬರೆಯಲಿಲ್ಲ. ಬೆಳಕು ಬೀಳುವ ಅಂಚಿನಲ್ಲಿ ಮಾತ್ರ, ಉಳಿದದ್ದು ನೋಡುವವರ ಕಣ್ಣೇ ತುಂಬಿಕೊಳ್ಳುತ್ತದೆ. ಕಣ್ಣಿನ ಪಾಪೆ ಮನುಷ್ಯರ ಹಾಗೆ ದುಂಡಗಲ್ಲ, ಅಡ್ಡಕ್ಕೆ ಉದ್ದ. ಅದನ್ನೂ ಬಿಟ್ಟಿಲ್ಲ. ಮೂಗಿನ ಹಸಿ ಹೊಳಪು ಮಾತ್ರ ಕೊನೆಯ ದಿನ ಹಾಕಿದರು, ದಪ್ಪ ಬಿಳಿಯಲ್ಲಿ ಪುಟ್ಟ ಪುಟ್ಟ ಚುಕ್ಕೆ.

ಅಪ್ಪನ ಮುಖಕ್ಕೆ ಬರೋಣ. ಆನ್‌ಲೈನಿನವರ ಕಥೆ ಹೇಳಿದ್ದೆ. "ಕಪ್ಪು ಮೈಯಲ್ಲಿ ಎಷ್ಟು ಬಣ್ಣ ಇದೆ ಗೊತ್ತಾ?" ಎಂದು ಮೇಷ್ಟ್ರು ಅಪ್ಪನನ್ನು ಕಿಟಕಿ ಪಕ್ಕ ಕೂರಿಸಿ ನನಗೆ ತೋರಿಸಿದರು. ನಿಜ. ಕೆನ್ನೆಯ ಮೂಳೆಯ ಮೇಲೆ ಬಿದ್ದ ಬೆಳಕು ತೆಳು ನೀಲಿ. ಕಿವಿಯ ಅಂಚು ಕೆಂಪು. ಗಲ್ಲದ ಕೆಳಗೆ ಹಸಿರು ಛಾಯೆ. ಅದನ್ನೆಲ್ಲ ಪದರ ಪದರವಾಗಿ ತಂದಿದ್ದಾರೆ. ಹಣೆಯ ಗೆರೆ, ಎಡ ಹುಬ್ಬಿನ ಮೇಲಿನ ಹಳೆಯ ಗಾಯ, ಮೂರು ದಿನದ ಬಿಳಿ ಗಡ್ಡ, ಯಾವುದನ್ನೂ ಅಳಿಸಿಲ್ಲ. ಬಿಳಿ ರುಮಾಲಿನಲ್ಲಿ ಹುಡುಕಿದರೆ ಶುದ್ಧ ಬಿಳಿ ಇರುವುದು ಒಂದು ಬೆರಳಿನಷ್ಟು ಜಾಗದಲ್ಲಿ. ಉಳಿದದ್ದು ನೀಲಿ ಬೂದು, ಮಣ್ಣಿನ ಹಳದಿ. ಒಣಗಲು ತಡ ಮಾಡಿದ್ದೂ ಆ ರುಮಾಲೇ. ಬಿಳಿ ಬಣ್ಣ ನಿಧಾನ, ಅಂಬರ್ ಎಂಬ ಕಂದು ಬೇಗ. ಕಂದಿನಲ್ಲಿ ಮ್ಯಾಂಗನೀಸ್ ಇರುತ್ತದೆ, ಅದು ಎಣ್ಣೆಯನ್ನು ಬೇಗ ಒಣಗಿಸುತ್ತದೆ.

ತಪ್ಪುಗಳೂ ಆದವು, ಹೇಳಬೇಕು. ಮೂಗುದಾರದ ಹಗ್ಗ ಕೊಂಬಿನ ಹಿಂದಿನಿಂದ ಹೋಗುವುದನ್ನು ಮುಂದೆ ಬರೆದಿದ್ದರು. ನಾನು ನೋಡಿದ್ದು ತಡವಾಗಿ, ಆಗಲೇ ಎಣ್ಣೆ ಬಣ್ಣ ಬಿದ್ದಿತ್ತು. ಬೇಗ ಒಣಗುವ ಆ ಅಕ್ರಿಲಿಕ್‌ನಲ್ಲೇ ತಿದ್ದಿಬಿಡಿ ಎಂದೆ. ಆಗುವುದಿಲ್ಲ ಎಂದರು. ಅಕ್ರಿಲಿಕ್ ಮೇಲೆ ಎಣ್ಣೆ ಬಣ್ಣ ಕೂರುತ್ತದೆ, ಎಣ್ಣೆ ಬಣ್ಣದ ಮೇಲೆ ಅಕ್ರಿಲಿಕ್ ಹಿಡಿಯುವುದಿಲ್ಲ, ಮುಂದೆ ಒಂದು ದಿನ ಸಿಪ್ಪೆ ಎದ್ದು ಬರುತ್ತದೆ. ಹಗ್ಗ ಕೆರೆದು, ಎಣ್ಣೆ ಬಣ್ಣದಲ್ಲೇ ಮತ್ತೆ ಬರೆದು ಒಣಗುವ ಹೊತ್ತಿಗೆ ಹದಿನೈದು ದಿನ ಹೋಯಿತು. ಅದಕ್ಕೇ ಹೇಳುತ್ತೇನೆ, ಅಕ್ರಿಲಿಕ್ ಹಂತ ಮುಗಿಯುವಾಗ ದನ ಬಲ್ಲವರು ಒಬ್ಬರು ಹೋಗಿ ನೋಡಿ ಬರಬೇಕು. ತಿದ್ದುವುದಿದ್ದರೆ ಆಗಲೇ.

ಶಿವರಾತ್ರಿ ಪರಿಷೆಗೆ ಮುಂಚೆ ಕೊಡುತ್ತೇನೆ ಎಂದಿದ್ದರು, ಒಂದು ತಿಂಗಳ ಮೇಲೆ ತಡವಾಯಿತು. ಫೋನ್ ಎತ್ತುವುದು ಕಡಿಮೆ. ಮಹಡಿ ಮೆಟ್ಟಿಲು ಕಡಿದು, ಕೈಹಿಡಿ ಇಲ್ಲ, ಅಪ್ಪನನ್ನು ಹತ್ತಿಸುವುದು ಕಷ್ಟವಾಯಿತು. ಟರ್ಪೆಂಟೈನ್ ವಾಸನೆಗೆ ತಲೆನೋವು ಬರುವವರು ಕಿಟಕಿ ಪಕ್ಕವೇ ಕೂರಬೇಕು. ಗೊರಸುಗಳನ್ನು ಹುಲ್ಲಿನಲ್ಲಿ ಮುಚ್ಚಿಬಿಟ್ಟಿದ್ದಾರೆ, ಅದು ನನಗೆ ಈಗಲೂ ಸ್ವಲ್ಪ ಕೊರತೆ. ಸಿದ್ದನ ಗೊರಸು ಬಹಳ ಚೆಂದ. ಆದರೆ ಅವರ ಒಂದು ಜಾಗ್ರತೆ ನನಗೆ ಹಿಡಿಸಿತು. ಎಣ್ಣೆ ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಬಿಸಾಡುವುದಿಲ್ಲ, ಗೋಡೆಯ ಮೇಲೆ ಹರಡಿ ಒಣಗಿಸುತ್ತಾರೆ. ಅಗಸೆ ಎಣ್ಣೆಯ ಬಟ್ಟೆ ಗುಡ್ಡೆಯಾಗಿ ಬಿದ್ದರೆ ತಾನಾಗಿಯೇ ಕಾದು ಬೆಂಕಿ ಹತ್ತಬಹುದು. ಮಕ್ಕಳು ಮನೆಯಲ್ಲಿ ಎಣ್ಣೆ ಬಣ್ಣ ಬಳಸುತ್ತಿದ್ದರೆ ಇದನ್ನು ಹೇಳಿಕೊಡಿ.

ದುಡ್ಡು ಒಟ್ಟು ಇಪ್ಪತ್ನಾಲ್ಕು ಸಾವಿರ. ಎಂಟು ಸಾವಿರ ಮುಂಗಡ. ಚೌಕಟ್ಟು ಬೇರೆ ಕಡೆ ಹಾಕಿಸಿದೆ, ಎರಡು ಸಾವಿರದ ಇನ್ನೂರು. ಗಾಜು ಹಾಕಿಸಬೇಡಿ ಎಂದರು, ಎಣ್ಣೆ ಬಣ್ಣದ ಚಿತ್ರಕ್ಕೆ ಅದು ಬೇಕಿಲ್ಲ. ಐದು ತಿಂಗಳ ಕೆಲಸಕ್ಕೆ, ಊರಿಗೆ ಬಂದು ಹೋದದ್ದಕ್ಕೆ ಈ ದುಡ್ಡು ನನಗೆ ಹೆಚ್ಚು ಅನ್ನಿಸಲಿಲ್ಲ.

ಚಿತ್ರ ಮನೆಗೆ ಬಂದ ದಿನ ಅಪ್ಪ ತಮ್ಮ ಮುಖ ನೋಡಲೇ ಇಲ್ಲ. ಪರಿಷೆಯಲ್ಲಿ ಎತ್ತು ಕೊಳ್ಳಲು ಹೋದವರ ಹಾಗೆ ಮೊದಲು ಸುಳಿ ಹುಡುಕಿದರು. ಹಣೆಯಲ್ಲಿ ತಗ್ಗಿನ ಸ್ವಲ್ಪ ಮೇಲೆ, ಒಂಚೂರು ಎಡಕ್ಕೆ ಸಿದ್ದನಿಗೊಂದು ಸುಳಿ ಇದೆ. ಫೋಟೋದಲ್ಲಿ ಅದು ಕಾಣುವುದೇ ಇಲ್ಲ. ಚಿತ್ರದಲ್ಲಿ ಇದೆ. ಅವತ್ತು ಕೊಟ್ಟಿಗೆ ಮುಂದೆ ಅಪ್ಪ ಬೆರಳಿಟ್ಟು ತೋರಿಸಿದ್ದನ್ನು ಮೇಷ್ಟ್ರು ಮರೆತಿಲ್ಲ. ಕೂದಲು ಅಲ್ಲಿ ಬಂದು ಸುತ್ತಿ ತಿರುಗಿದೆ, ಒಟ್ಟು ಏಳೆಂಟು ಗೀರು ಅಷ್ಟೇ. "ಲೋ, ಇದು ನಮ್ಮ ಸಿದ್ದನೇ ಕಣೋ" ಎಂದರು ಅಪ್ಪ. ಆಮೇಲೆ ಕುರ್ಚಿ ಎಳೆದುಕೊಂಡು ಅದರ ಮುಂದೆ ಬಹಳ ಹೊತ್ತು ಕುಳಿತಿದ್ದರು.

ಕೆಲಸ ಇನ್ನೂ ಪೂರ್ತಿ ಮುಗಿದಿಲ್ಲ. ಮೇಲೆ ಒಣಗಿದ ಹಾಗೆ ಕಂಡರೂ ಒಳಗಿನ ಎಣ್ಣೆ ಗಟ್ಟಿಯಾಗಲು ಆರು ತಿಂಗಳಿಂದ ವರ್ಷ ಬೇಕು. ಆಮೇಲೇ ವಾರ್ನಿಷ್. ಅಲ್ಲಿಯವರೆಗೆ ಒಲೆಯ ಹೊಗೆ ತಾಗದ ಕಡೆ, ನೇರ ಬಿಸಿಲು ಬೀಳದ ಕಡೆ ಇಡಿ, ಒದ್ದೆ ಬಟ್ಟೆ ಮುಟ್ಟಿಸಬೇಡಿ ಎಂದಿದ್ದಾರೆ. ದೀಪಾವಳಿ ಕಳೆದ ಮೇಲೆ ಹಳೆಯ ಸೀರೆಯಲ್ಲಿ ಸುತ್ತಿ ಮತ್ತೆ ತುಮಕೂರಿಗೆ ತೆಗೆದುಕೊಂಡು ಹೋಗಬೇಕು. ವಾರ್ನಿಷ್‌ಗೆ ಬೇರೆ ದುಡ್ಡಿಲ್ಲ, ಮಾತು ಮೊದಲೇ ಆಗಿದೆ.