ಆರು ವರ್ಷ ಬಳಸಿದ ಮೇಲೆ: ನಮ್ಮ ಇಆರ್‌ಪಿಯ ‘ಸರಿಪಡಿಸು’ ಬಟನ್

ನಮ್ಮ ಆಫೀಸಿಗೆ ಈ ಇಆರ್‌ಪಿ (ಇಡೀ ವ್ಯವಹಾರದ ಲೆಕ್ಕ ಒಂದೇ ಕಡೆ ಇಡುವ) ಸಾಫ್ಟ್‌ವೇರ್ ಬಂದು ಆರು ವರ್ಷ ಆಯಿತು. ಹೆಸರು ಹೇಳುವುದಿಲ್ಲ. ಮುಂದೆ ಹೇಳುವ ಕಾಯಿಲೆ ಇದೊಂದಕ್ಕೇ ಬಂದದ್ದಲ್ಲ. ಖರೀದಿ, ಗೋದಾಮು, ಮಾರಾಟ, ಅಕೌಂಟ್ಸ್ ಎಲ್ಲ ಇದರಲ್ಲೇ ನಡೆಯುತ್ತದೆ. ದಿನದ ಕೆಲಸಕ್ಕೆ ಚೆನ್ನಾಗಿದೆ, ಬಿಲ್ಲಿಂಗ್ ಸಲೀಸು. ತಕರಾರು ಇರುವುದು ತಿಂಗಳ ಕೊನೆಯಲ್ಲಿ, ಸ್ಟಾಕಿಗೂ ಲೆಡ್ಜರ್‌ಗೂ (ಅಕೌಂಟ್ಸ್‌ನ ಖಾತೆ ಪುಸ್ತಕ) ತಾಳೆ ಆಗದೆ ಹೋದಾಗ.

ಇದಕ್ಕೆಂದೇ ಒಂದು ಸ್ಕ್ರೀನ್ ಇದೆ. ಅದರಲ್ಲಿ ಎರಡು ಬಟನ್: ‘ಪರೀಕ್ಷಿಸು’ ಮತ್ತು ‘ಸರಿಪಡಿಸು’. ಮೊದಲನೆಯದಕ್ಕೆ ಪೂರ್ತಿ ಅಂಕ. ಇನ್‌ವಾಯ್ಸ್ ಅಳಿಸಿಹೋಗಿ ಅದರ ಐಟಂ ಸಾಲುಗಳು ಮಾತ್ರ ಅನಾಥವಾಗಿ ಉಳಿದಿದ್ದರೆ ಹಿಡಿಯುತ್ತದೆ. ಡೆಬಿಟ್, ಕ್ರೆಡಿಟ್ ಸಮ ಇಲ್ಲದ ವೋಚರನ್ನೂ ಹಿಡಿಯುತ್ತದೆ. ಕೈ ಸುಟ್ಟುಕೊಂಡದ್ದು ಎರಡನೆಯದರಲ್ಲಿ.

ಮೊದಲ ವರ್ಷ ಒಂದು ಐಟಂನಲ್ಲಿ ವ್ಯತ್ಯಾಸ ಬಂತು. ಉಳಿದ ಸ್ಟಾಕ್ ಬರೆದಿಡುವ ಬ್ಯಾಲೆನ್ಸ್ ಟೇಬಲ್‌ನಲ್ಲಿ 720 ಪೀಸ್, ವಹಿವಾಟು ಕೂಡಿದರೆ 600. ‘ಸರಿಪಡಿಸು’ ಒತ್ತಿದೆವು. 720 ಹೋಗಿ 600 ಆಯಿತು, ಎರರ್ ಮಾಯ. ಆಮೇಲೆ ಗೋದಾಮಿನಲ್ಲಿ ಎಣಿಸಿದರೆ 720 ಪೀಸ್ ಹಾಗೇ ಕೂತಿವೆ!

ಆಗಿದ್ದು ಇಷ್ಟು. ಮಾಲು ಬಂದದ್ದು 60 ಬಾಕ್ಸ್, ಒಂದೊಂದರಲ್ಲಿ 12 ಪೀಸ್. ಮುಂದೆ ಸಪ್ಲೈಯರ್ 10 ಪೀಸಿನ ಬಾಕ್ಸ್ ಶುರು ಮಾಡಿದರು. ನಮ್ಮವರೊಬ್ಬರು ಹೊಸ ಯೂನಿಟ್ ಸೇರಿಸುವ ಬದಲು ಐಟಂ ಮಾಸ್ಟರ್‌ನಲ್ಲಿ, ಅಂದರೆ ಐಟಂಗಳ ಮೂಲ ವಿವರದ ಪಟ್ಟಿಯಲ್ಲಿ, ಇದ್ದ 12ನ್ನೇ 10 ಮಾಡಿಬಿಟ್ಟರು. ಹಳೆಯ ವಹಿವಾಟು ಬಾಕ್ಸ್ ಲೆಕ್ಕದಲ್ಲಿತ್ತು. ಸಾಫ್ಟ್‌ವೇರ್ ಆ 60ನ್ನೂ ಹತ್ತರಿಂದ ಗುಣಿಸಿತು. ಎರಡು ಅಂಕಿಯಲ್ಲಿ ಯಾವುದು ನಿಜ ಅಂತ ಅದಕ್ಕೆ ಹೇಗೆ ಗೊತ್ತಾಗಬೇಕು? ಸರಿ ಇದ್ದದ್ದನ್ನು ತಪ್ಪಿಗೆ ಹೊಂದಿಸಿ ಕೈ ತೊಳೆದುಕೊಂಡಿತು.

ಅಲ್ಲಿಂದ ಮುಂದೆ ಬ್ಯಾಕಪ್ಪನ್ನು ಟೆಸ್ಟ್ ಸರ್ವರ್‌ಗೆ ಹಾಕಿ, ಮೊದಲು ಅಲ್ಲೇ ಪರೀಕ್ಷಿಸುತ್ತೇವೆ. ಆಮೇಲೆ ವ್ಯತ್ಯಾಸದ ಅಂಕಿಯನ್ನೇ ದಿಟ್ಟಿಸಿ ನೋಡುತ್ತೇವೆ. ಅದರಲ್ಲೇ ಅರ್ಧ ಉತ್ತರ ಇರುತ್ತದೆ. ಒಂದು ರಸೀದಿಯ ಮೊತ್ತಕ್ಕೆ ಸರಿಯಾಗಿ ಹೊಂದಿದರೆ ಡಬಲ್ ಪೋಸ್ಟಿಂಗ್ ಅನುಮಾನ. ನೆಟ್‌ವರ್ಕ್ ನಿಧಾನ ಅಂತ ಯಾರೋ ‘ಸೇವ್’ ಎರಡು ಸಲ ಒತ್ತಿರುತ್ತಾರೆ. ಒಂಬತ್ತರಿಂದ ಭಾಗವಾದರೆ ಅಂಕಿ ಅದಲು ಬದಲಾಗಿರಬಹುದು, 54 ಹೋಗಿ 45 ಆದ ಹಾಗೆ. ಇದು ಕಂಪ್ಯೂಟರ್ ಬರುವ ಮುಂಚಿನ ಅಕೌಂಟೆಂಟ್‌ಗಳ ಉಪಾಯ, ಈಗಲೂ ಕೆಲಸ ಮಾಡುತ್ತದೆ. ದಶಮಾಂಶದ ತುದಿಯಲ್ಲಿ ಮಾತ್ರ ತಪ್ಪಿದ್ದರೆ ಮೊತ್ತವನ್ನು ಫ್ಲೋಟ್ (ದಶಮಾಂಶವನ್ನು ಅಂದಾಜಾಗಿ ಇಡುವ ಸಂಖ್ಯೆಯ ಬಗೆ) ಆಗಿ ಇಟ್ಟಿದ್ದಾರಾ ನೋಡಿ. ಅದರಲ್ಲಿ 0.1ಕ್ಕೆ 0.2 ಕೂಡಿದರೆ ಬರುವುದು 0.30000000000000004.

ಅಂಕಿ ಬಾಯಿ ಬಿಡದಿದ್ದರೆ ದಿನಾಂಕ ಹಿಡಿಯಬೇಕು. ವರ್ಷದ ಮಧ್ಯದ ಒಂದು ದಿನಕ್ಕೆ ಎರಡೂ ಕಡೆ ಬಾಕಿ ನೋಡಿ. ಸಮ ಇದ್ದರೆ ತಪ್ಪು ಆಮೇಲಿನದು, ಇಲ್ಲದಿದ್ದರೆ ಮುಂಚಿನದು. ಹೀಗೆ ಅರ್ಧ ಅರ್ಧ ಮಾಡುತ್ತ ಹೋದರೆ ಒಂಬತ್ತು ಸಲದೊಳಗೆ ಒಂದೇ ದಿನ ಉಳಿಯುತ್ತದೆ. ಹಿಂದಿನ ದಿನಾಂಕ ಹಾಕಿದ ಎಂಟ್ರಿ ಮಾತ್ರ ದಾರಿ ತಪ್ಪಿಸುತ್ತದೆ. ಅದಕ್ಕೇ ವೋಚರಿನ ದಿನಾಂಕದ ಜೊತೆ ಅದನ್ನು ಟೈಪ್ ಮಾಡಿದ ದಿನಾಂಕವನ್ನೂ ನೋಡುತ್ತೇವೆ.

ಸಪೋರ್ಟ್ ಬಗ್ಗೆ ಬೇಸರವೇ ಜಾಸ್ತಿ. ಮೊದಲು ‘ಕ್ಯಾಶೆ (ತಾತ್ಕಾಲಿಕವಾಗಿ ಉಳಿಸಿದ ಮಾಹಿತಿ) ಕ್ಲಿಯರ್ ಮಾಡಿ’ ಅನ್ನುತ್ತಾರೆ. ಬಗ್ಗದಿದ್ದರೆ ನೇರವಾಗಿ ಡೇಟಾಬೇಸ್‌ನಲ್ಲಿ ಓಡಿಸಲು ಒಂದು ಅಪ್‌ಡೇಟ್ ಕ್ವೆರಿ (ಅಂಕಿ ಬದಲಾಯಿಸುವ ಆದೇಶ) ಕಳಿಸುತ್ತಾರೆ. ಸ್ಟಾಕ್ ಟೇಬಲ್ ಸರಿಹೋಗುತ್ತದೆ, ಲೆಡ್ಜರ್‌ಗೆ ಸುದ್ದಿಯೇ ಇರುವುದಿಲ್ಲ. ನಾವು ಓಡಿಸುವುದಿಲ್ಲ, ಹೊಂದಾಣಿಕೆ ಎಂಟ್ರಿ ಹಾಕಿ ಕಾರಣ ಬರೆದಿಡುತ್ತೇವೆ. ಇನ್ನೊಂದು ಸಿಟ್ಟು: ಮಾಸ್ಟರ್ ಬದಲಾಯಿಸಿದ್ದು ಯಾರು ಅಂತ ತೋರಿಸುವ ಆಡಿಟ್ ಲಾಗ್ ಇದರಲ್ಲಿದೆ, ಆದರೆ ಬರುವಾಗ ಆಫ್ ಆಗಿರುತ್ತದೆ. ಆ 12ನ್ನು 10 ಮಾಡಿದ್ದು ಯಾರು ಅಂತ ಇವತ್ತಿಗೂ ಗೊತ್ತಿಲ್ಲ. ಒಪ್ಪಿಕೊಂಡವರೂ ಇಲ್ಲ!

ಐದರಲ್ಲಿ ಮೂರೂವರೆ ಕೊಡುತ್ತೇನೆ. ‘ಸರಿಪಡಿಸು’ ಒತ್ತುವ ಅನುಮತಿ ನಮ್ಮಲ್ಲಿ ಈಗ ಇಬ್ಬರಿಗೆ ಮಾತ್ರ. ಇಬ್ಬರೂ ಗೋದಾಮಿಗೆ ಹೋಗಿ ಎಣಿಸಿ ಬಂದೇ ಒತ್ತುವುದು.