ಫುಲ್ ಪೇಂಟಾ, ಪಾಲಿಶ್ ಸಾಕಾ?

ಕಾರಿನ ಬಣ್ಣ ಮಂಕಾಗಿದೆ, ಗೀರು ಬಿದ್ದಿದೆ ಅಂತ ಸೀದಾ ಫುಲ್ ಪೇಂಟಿಗೆ ಕೊಡಬೇಡಿ. ಮೊದಲು ಗೀರಿನ ಮೇಲೆ ಉಗುರು ಎಳೆದು ನೋಡಿ. ಸಿಕ್ಕಿಕೊಳ್ಳದಿದ್ದರೆ ಸಾಮಾನ್ಯವಾಗಿ ಪಾಲಿಶ್‌ನಲ್ಲೇ ಹೋಗುತ್ತದೆ. ಆದರೆ ಬಣ್ಣದ ಮೇಲಿನ ಪಾರದರ್ಶಕ ಪದರ, ಅಂದರೆ ಕ್ಲಿಯರ್ ಕೋಟ್, ಇರುವುದೇ ಸುಮಾರು 40-50 ಮೈಕ್ರಾನ್, ಪ್ರತಿ ಪಾಲಿಶ್‌ಗೂ ಒಂಚೂರು ಸವೆಯುತ್ತದೆ, ಹಾಗಾಗಿ ಪದೇ ಪದೇ ಉಜ್ಜಿಸುವ ಹಾಗಿಲ್ಲ.

ಬಾನೆಟ್ ಮೇಲೆ ಸಿಪ್ಪೆ ಏಳುತ್ತಿದ್ದರೆ ಪಾಲಿಶ್ ದಂಡ, ಪೇಂಟೇ ಗತಿ. ಅದೂ ಹಾಳಾದ ಪ್ಯಾನೆಲ್‌ಗಷ್ಟೇ ಸಾಕು. ಮೆಟಾಲಿಕ್ ಬಣ್ಣವಾದರೆ ಮಾತ್ರ ಪಕ್ಕದ ಪ್ಯಾನೆಲ್‌ಗೂ ಹೊಸ ಬಣ್ಣವನ್ನು ತೆಳುವಾಗಿ ಹರಡಿ ಬ್ಲೆಂಡ್ ಮಾಡಿಸಿ, ಇಲ್ಲಾಂದ್ರೆ ಬಿಸಿಲಲ್ಲಿ ತೇಪೆ ಹಾಕಿದ ಹಾಗೆ ಕಾಣುತ್ತದೆ.

ಫುಲ್ ಪೇಂಟ್ ಮಾಡಿಸಿದರೂ ಫ್ಯಾಕ್ಟರಿ ಗಟ್ಟಿತನ ಬರೋದು ಕಷ್ಟ. ಅಲ್ಲಿ ಬರೀ ಬಾಡಿಯನ್ನು 140 ಡಿಗ್ರಿ ಆಸುಪಾಸಿನಲ್ಲಿ ಕಾಯಿಸುತ್ತಾರೆ, ಗ್ಯಾರೇಜಿನಲ್ಲಿ ವೈರಿಂಗ್, ಪ್ಲಾಸ್ಟಿಕ್ ಎಲ್ಲ ಇರುತ್ತಲ್ವಾ, 60ರ ಹತ್ತಿರವೇ ನಿಲ್ಲಿಸಬೇಕು. ಮಾರುವ ಗಾಡಿಗಂತೂ ಬೇಡವೇ ಬೇಡ, ಕೊಳ್ಳುವವರು ಸುಮ್ನೆ ಆಕ್ಸಿಡೆಂಟ್ ಗಾಡಿ ಅಂತ ಅನುಮಾನ ಪಡುತ್ತಾರೆ.